ಒಂದು ರೋಗವು ಮತ್ತೊಂದು ರೋಗದ ಮೇಲೆ ಬೀರುವ ಪ್ರಭಾವ

ಒಂದು ರೋಗಕ್ಕೆ ಹಾಕಿಸಿದ ಲಸಿಕೆಯು ಆ ಒಂದು ರೋಗವನ್ನು ಮಾತ್ರವೇ ತಡೆಯುವುದೆಂಬುದು ಸಾಮಾನ್ಯವಾಗಿ ಎಲ್ಲರೂ ಬಲ್ಲ ಸಂಗತಿಯಾಗಿದೆ. ಗಳಲೆ ರೋಗಕ್ಕೆ ಹಾಕಿಸಿದ ಚುಚ್ಚುಮದ್ದು ಚಪ್ಪೆ ರೋಗವನ್ನು ತಡೆಯಲಾರದು. ಹಸುವಿನ ಸಿಡುಬಿನ ಕೀವಿನಿಂದ ಮನುಷ್ಯನ ಸಿಡುಬನ್ನು ತಡೆಯಬಹುದೆಂದು ಇಂಗ್ಲೆಂಡಿನ ಜೆನ್ನರ್ ಎಂಬ ವೈದ್ಯನು 1796ನೆಯ ಇಸವಿಯಲ್ಲಿ ತೋರಿಸಿಕೊಟ್ಟನಾದರೂ, ಅವೆರಡೂ ಒಂದೇ ಕುಲಕ್ಕೆ ಸೇರಿದ ರೋಗಗಳು. ಆದರೆ ಯಾವ ನಂಟೂ ಇಲ್ಲದ ರೋಗಗಳ ನಡುವೆಯೂ ಇಂತಹ ಸಂಬಂಧವುಂಟೆಂದೂ, ಅದು ಕೆಲವು ವೇಳೆ ಹಿತವಾಗಿಯೂ ಕೆಲವು ವೇಳೆ ಅಹಿತವಾಗಿಯೂ ಪರಿಣಮಿಸುವುದೆಂದೂ ತಿಳಿದುಬಂದಿರುತ್ತದೆ. ಮಕ್ಕಳ ಆರೋಗ್ಯಕ್ಕೂ ದನಕರು ಕೋಳಿಗಳ ರಕ್ಷಣೆಗೂ ಸಂಬಂಧಿಸಿದ ಈ ವಿಷಯವನ್ನು ಗ್ರಾಮದ ಮುಖಂಡರು ಅರಿತಿರುವುದು ಅವಶ್ಯಕ.

ದೇಹದ ಎರಡು ಕಾವಲುಗಳು

ಹಿಂದಿನ ಕಾಲದ ಗ್ರಾಮಗಳಲ್ಲಿ ತಳವಾರನೂ ಶಾನುಭೋಗನೂ ಇದ್ದಂತೆ, ದೇಹದಲ್ಲಿ ಎರಡು ಬಗೆಯ ಕಾವಲುಗಳುಂಟು. ಮೊದಲನೆಯದು, ಒಳನುಗ್ಗಿದವನು ಯಾರೆಂದು ವಿಚಾರಿಸದೆಯೇ ಮೇಲೆ ಬೀಳುವ ತಳವಾರನಂಥದು. ಎರಡನೆಯದು, ಒಮ್ಮೆ ಬಂದ ಕ್ರಿಮಿಯ ಗುರುತನ್ನು ಕಡತದಲ್ಲಿ ಬರೆದಿಟ್ಟುಕೊಂಡು, ಅದು ಮರಳಿ ಬಂದೊಡನೆ ಕಂಡುಹಿಡಿಯುವ ಶಾನುಭೋಗನಂಥದು. ಈ ಎರಡೂ ಕೆಲಸಗಳನ್ನು ರಕ್ತದ ಬಿಳಿಯ ಕಣಗಳೇ ನಿರ್ವಹಿಸುತ್ತವೆ. ಲಸಿಕೆಯ ಮುಖ್ಯೋದ್ದೇಶವು ಎರಡನೆಯ ಕಾವಲಿನ ಕಡತದಲ್ಲಿ ಹೊಸ ಗುರುತನ್ನು ಬರೆಯಿಸುವುದಾಗಿದೆ. ಆದರೆ ಕೆಲವು ಸಜೀವ ಲಸಿಕೆಗಳು ಮೊದಲನೆಯ ಕಾವಲನ್ನೂ ಎಚ್ಚರಗೊಳಿಸುತ್ತವೆ. ಕೆಲವು ರೋಗಗಳಾದರೋ ಕಡತವನ್ನೇ ಹರಿದುಹಾಕುತ್ತವೆ.

ಹಿತವಾದ ಪರಿಣಾಮ

ಕ್ಷಯರೋಗವನ್ನು ತಡೆಯುವ ಬಿ.ಸಿ.ಜಿ. ಲಸಿಕೆಯು ಹಸುವಿನ ಕ್ಷಯದ ಕ್ರಿಮಿಯಿಂದಲೇ ತಯಾರಾದುದು. ಫ್ರಾನ್ಸ್ ದೇಶದ ಕಾಲ್ಮೆಟ್ ಮತ್ತು ಗೆರಾನ್ ಎಂಬ ವಿದ್ವಾಂಸರು 13 ವರ್ಷಗಳ ಕಾಲ ಆ ಕ್ರಿಮಿಯನ್ನು ಪಿತ್ತರಸ ಬೆರೆಸಿದ ಆಲೂಗಡ್ಡೆಯ ಮೇಲೆ ಬೆಳೆಯಿಸಿ, ಅದರ ಉಗ್ರತೆಯನ್ನು ಇಳಿಸಿ, 1921ರಲ್ಲಿ ಮೊದಲ ಬಾರಿಗೆ ಶಿಶುವಿಗೆ ಕೊಡಿಸಿದರು. ಸ್ವೀಡನ್ ದೇಶದ ಉತ್ತರ ಭಾಗದಲ್ಲಿ 1927ರಿಂದ ಈ ಲಸಿಕೆಯನ್ನು ಕೊಟ್ಟಾಗ, ಲಸಿಕೆ ಪಡೆದ ಶಿಶುಗಳಲ್ಲಿ ಮರಣವು ಬಹಳ ಕಡಿಮೆಯಾಯಿತು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಕ್ಷಯದಿಂದ ಸಾಯುವವರು ವಿರಳವಾದುದರಿಂದ, ಕ್ಷಯವೊಂದೇ ಇದಕ್ಕೆ ಕಾರಣವಾಗಿರಲಾರದೆಂದು ನೇಸ್‌ಲುಂಡ್ ಎಂಬ ವೈದ್ಯನು 1932ರಲ್ಲಿ ಸೂಚಿಸಿದನು. ಆಫ್ರಿಕಾದ ಗಿನಿ-ಬಿಸಾವ್ ದೇಶದಲ್ಲಿ ಕಡಿಮೆ ತೂಕದ ಶಿಶುಗಳ ಮೇಲೆ ನಡೆದ ಮೂರು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹುಟ್ಟಿದೊಡನೆ ಬಿ.ಸಿ.ಜಿ. ಪಡೆದವರಲ್ಲಿ ಮೊದಲ ತಿಂಗಳ ಮರಣವು ಶೇಕಡ 38ರಷ್ಟು ಕಡಿಮೆಯಾಗಿತ್ತೆಂದು 2017ರಲ್ಲಿ ಪ್ರಕಟವಾಯಿತು.

ಇದರ ಕಾರಣವನ್ನು ನೆದರ್ಲೆಂಡ್ಸ್ ದೇಶದ ವಿಜ್ಞಾನಿಗಳು 2012ರಲ್ಲಿ ವಿವರಿಸಿದರು. ಬಿ.ಸಿ.ಜಿ. ಪಡೆದವರ ಬಿಳಿಯ ರಕ್ತಕಣಗಳು ಕ್ಷಯಕ್ಕೆ ಸಂಬಂಧಿಸದ ಬೇರೆ ಕ್ರಿಮಿಗಳನ್ನು ಕಂಡಾಗಲೂ ಹೆಚ್ಚು ಚುರುಕಾಗಿ ಎದುರಿಸಿದುವು. ಅಂದರೆ ತಳವಾರನು ಒಂದು ಕಾಳಗದಿಂದ ಪಳಗಿ, ಮುಂದಿನ ಕಾಳಗಗಳಿಗೂ ಅಣಿಯಾಗುತ್ತಾನೆ.

ಆದರೆ ಈ ಫಲವನ್ನೇ ನೆಚ್ಚಿ ಕುಳಿತುಕೊಳ್ಳುವುದು ಸರಿಯಲ್ಲ. ಭಾರತದಲ್ಲಿ ಬಿ.ಸಿ.ಜಿ.ಯ ರಷ್ಯಾ ತಳಿಯಿಂದ ಕಡಿಮೆ ತೂಕದ ಶಿಶುಗಳ ಮೇಲೆ ನಡೆದ ಪರೀಕ್ಷೆಗಳಲ್ಲಿ ಮರಣವು ಕಡಿಮೆಯಾಗಲಿಲ್ಲವೆಂದು 2019ರಲ್ಲಿ ವರದಿಯಾಯಿತು. ಕೋವಿಡ್ ಕಾಲದಲ್ಲಿ ಆರೋಗ್ಯ ಸೇವಕರಿಗೆ ಇದೇ ಲಸಿಕೆಯನ್ನು ಕೊಟ್ಟು ನಡೆಸಿದ ದೊಡ್ಡ ಪರೀಕ್ಷೆಯಲ್ಲಿಯೂ ಆ ರೋಗವು ಕಡಿಮೆಯಾಗಲಿಲ್ಲವೆಂದು 2023ರಲ್ಲಿ ತಿಳಿಯಿತು. ಲಸಿಕೆಯ ತಳಿ, ಕೊಡುವ ವಯಸ್ಸು, ಎದುರಿಸಬೇಕಾದ ಕ್ರಿಮಿ ಇವುಗಳಿಗೆ ಅನುಸಾರವಾಗಿ ಫಲವು ವ್ಯತ್ಯಾಸವಾಗಬಹುದು.

ಅಹಿತವಾದ ಪರಿಣಾಮ

ದಡಾರವನ್ನು ಅಮ್ಮನೆಂದು ಭಾವಿಸಿ, ಒಮ್ಮೆ ಬಂದುಹೋದರೆ ಮಗುವಿಗೆ ಒಳಿತೆಂದು ನಂಬುವವರು ಇನ್ನೂ ಉಂಟು. ಈ ನಂಬಿಕೆಯು ಅಪಾಯಕರವಾದುದು. ದಡಾರದ ವಿಷಾಣುವು ಗುರುತಿನ ಕಡತವನ್ನು ಕಾಯ್ದಿಟ್ಟಿರುವ ಬಿಳಿಯ ಕಣಗಳನ್ನೇ ಹೊಕ್ಕು ನಾಶಪಡಿಸುತ್ತದೆ. ನೆದರ್ಲೆಂಡ್ಸಿನಲ್ಲಿ 2013ರಲ್ಲಿ ದಡಾರ ಹರಡಿದಾಗ, ಲಸಿಕೆಯಿಲ್ಲದೆ ರೋಗಕ್ಕೆ ತುತ್ತಾದ 77 ಮಕ್ಕಳ ರಕ್ತವನ್ನು ರೋಗಕ್ಕೆ ಮುಂಚೆಯೂ ಅನಂತರವೂ ಪರೀಕ್ಷಿಸಲಾಯಿತು. ಇತರ ರೋಗಗಳ ವಿರುದ್ಧ ಅವರು ಅದುವರೆಗೆ ಗಳಿಸಿದ್ದ ರಕ್ಷಕ ದ್ರವ್ಯಗಳಲ್ಲಿ ಶೇಕಡ 11ರಿಂದ 73ರವರೆಗೆ ಮಾಯವಾಗಿದ್ದುವೆಂದು 2019ರಲ್ಲಿ ಪ್ರಕಟವಾಯಿತು. ದಡಾರದ ಗುಳ್ಳೆಗಳು ಕೆಲವೇ ದಿನಗಳಲ್ಲಿ ಮಾಯುತ್ತವೆ. ಅದು ಉಳಿಸಿಹೋದ ದೌರ್ಬಲ್ಯವಾದರೋ ಎರಡು ಮೂರು ವರ್ಷಗಳವರೆಗೆ ನಿಂತು, ಇತರ ಸೋಂಕುಗಳಿಂದ ಮಕ್ಕಳ ಮರಣವನ್ನು ಹೆಚ್ಚಿಸುವುದೆಂದು 2015ರ ಒಂದು ಅಧ್ಯಯನವು ತೋರಿಸಿದೆ. ದಡಾರದ ಲಸಿಕೆಯಿಂದ ಇಂತಹ ನಷ್ಟವು ಕಂಡುಬಂದಿಲ್ಲ.

ದನಕರು ಮತ್ತು ಕೋಳಿಗಳಲ್ಲಿ

ದನಗಳ ದೊಡ್ಡರೋಗವು ದಡಾರದ ಹತ್ತಿರದ ಬಂಧು. ಅದು ಸಹ ಬಿಳಿಯ ಕಣಗಳನ್ನು ನಾಶಪಡಿಸುತ್ತಿದ್ದುದರಿಂದ, ರಕ್ತದಲ್ಲಿ ಅಡಗಿದ್ದ ಬೇರೆ ಕ್ರಿಮಿಗಳು ಕೆರಳಿ, ದೊಡ್ಡರೋಗದಿಂದ ಉಳಿದ ದನವೂ ಸಾಯುವುದುಂಟಾಗಿತ್ತು. ಲಸಿಕೆಯ ಬಲದಿಂದ ಭಾರತವು 2006ರಲ್ಲಿಯೂ ಸಮಸ್ತ ಪ್ರಪಂಚವು 2011ರಲ್ಲಿಯೂ ಈ ರೋಗದಿಂದ ಮುಕ್ತವಾಯಿತು.

ಕೋಳಿ ಸಾಕುವವರಿಗೆ ಈಗಲೂ ಇಂಥದೇ ತೊಂದರೆಯುಂಟು. ಗಂಬೊರೊ ರೋಗವು ಮರಿಯ ಬಾಲದ ಬುಡದೊಳಗಿರುವ, ರಕ್ಷಕ ಕಣಗಳು ಬಲಿಯುವ ಚೀಲವನ್ನು ಹಾಳುಮಾಡುತ್ತದೆ. ಮೊದಲ ಮೂರು ವಾರಗಳೊಳಗೆ ಈ ಸೋಂಕು ತಗುಲಿದ ಮರಿಗಳಲ್ಲಿ ರೋಗದ ಚಿಹ್ನೆಯು ಕಾಣದೆ ಹೋಗಬಹುದು. ಆದರೆ ಆಮೇಲೆ ಕೊಕ್ಕರೆ ರೋಗಕ್ಕೆ ಹಾಕಿಸಿದ ಲಸಿಕೆಯು ಸರಿಯಾಗಿ ಹತ್ತುವುದಿಲ್ಲ. ಇಂತಹ ಕಡೆ ಲಸಿಕೆಯೇ ಕೆಟ್ಟದೆಂದು ದೂರುವುದಕ್ಕೆ ಮುಂಚೆ ಗಂಬೊರೊ ರೋಗವುಂಟೇ ಎಂದು ಪರೀಕ್ಷಿಸಿ ನೋಡಬೇಕು.

ಮಾಡಬೇಕಾದ ಕೆಲಸ

1. ಶಿಶು ಹುಟ್ಟಿದೊಡನೆ ಬಿ.ಸಿ.ಜಿ. ಹಾಕಿಸತಕ್ಕದ್ದು.

2. ದಡಾರದ ಲಸಿಕೆಯ ಮೊದಲ ಸರದಿಯನ್ನು 9ರಿಂದ 12 ತಿಂಗಳೊಳಗೂ ಎರಡನೆಯದನ್ನು 16ರಿಂದ 24 ತಿಂಗಳೊಳಗೂ ತಪ್ಪದೆ ಹಾಕಿಸತಕ್ಕದ್ದು. ದಡಾರ ಬಂದುಹೋದ ಮಗುವನ್ನು ಅನಂತರವೂ ಎಚ್ಚರಿಕೆಯಿಂದ ನೋಡಿಕೊಳ್ಳತಕ್ಕದ್ದು.

3. ಒಂದು ರೋಗದ ಲಸಿಕೆ ಹಾಕಿಸಿದೆವೆಂದು ಮತ್ತೊಂದನ್ನು ಬಿಡಬಾರದು.

4. ಕೋಳಿಮರಿಗಳಿಗೆ ಗಂಬೊರೊ ಹಾಗೂ ಕೊಕ್ಕರೆ ರೋಗಗಳೆರಡರ ಲಸಿಕೆಗಳನ್ನೂ ಪಶುವೈದ್ಯರು ಗೊತ್ತುಮಾಡಿದ ದಿನಗಳಲ್ಲಿಯೇ ಹಾಕಿಸತಕ್ಕದ್ದು.

ಊರಿನ ಮುಖಂಡರು ತಮ್ಮ ಮನೆಯ ಮಕ್ಕಳಿಗೆ ಮೊದಲು ಲಸಿಕೆ ಹಾಕಿಸಿ ಮೇಲ್ಪಂಕ್ತಿ ಹಾಕಿದಲ್ಲಿ, ಉಳಿದವರು ಹಿಂಜರಿಯದೆ ಅನುಸರಿಸುವರು.