ಘಾಟಿ ಏರುವ ಮುನ್ನ ಕ್ಲಚ್ ಪರೀಕ್ಷಿಸಿ

ಹೆಬ್ರಿಯಿಂದ ತೀರ್ಥಹಳ್ಳಿಯ ಕಡೆಗೆ ವ್ಯವಹಾರ ನಿಮಿತ್ತ ಸಂಚರಿಸುವ ವರ್ತಕರ ಕಾರುಗಳಿಗೆ ಸೋಮೇಶ್ವರ ದಾಟಿದೊಡನೆ ಆಗುಂಬೆ ಘಾಟಿಯ 14 ತಿರುವುಗಳು ಎದುರಾಗುತ್ತವೆ. ಸಮತಟ್ಟು ರಸ್ತೆಯಲ್ಲಿ ಮರೆಯಾಗಿದ್ದ ಕ್ಲಚ್ ದೋಷವು ಬಯಲಾಗುವುದು ಇಂತಹ ಏರಿನಲ್ಲಿಯೇ. ಅಲ್ಲಿ ವಾಹನ ನಿಂತರೆ ದುರಸ್ತಿಯ ವೆಚ್ಚದೊಡನೆ ಅದನ್ನು ಎಳೆತರುವ ಖರ್ಚೂ ಆ ದಿನದ ವಹಿವಾಟಿನ ನಷ್ಟವೂ ಸೇರುತ್ತವೆ.

ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿನ ಸದ್ದು ಏರಿ, ವೇಗವು ಅದಕ್ಕೆ ತಕ್ಕಂತೆ ಏರದಿದ್ದರೆ ಕ್ಲಚ್ ಜಾರುತ್ತಿದೆಯೆಂದು ಶಂಕಿಸಬೇಕು. ಮೇಲಿನ ಗೇರುಗಳಲ್ಲಿ ಇದು ಮೊದಲು ಕಾಣಿಸುತ್ತದೆ. ಸುಟ್ಟ ವಾಸನೆ ಬಂದರೆ ಶಂಕೆ ಬಲವಾಗುತ್ತದೆ. ಗೇರ್ ಬೀಳಲು ಕಷ್ಟವಾಗುವುದು ಬೇರೆಯೇ ದೋಷ. ಅಲ್ಲಿ ಕ್ಲಚ್ ಪೂರ್ತಿಯಾಗಿ ಬಿಡುತ್ತಿಲ್ಲ.

ಎದುರಿಗೆ ಯಾರೂ ಇಲ್ಲದ ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಬಿಗಿದು, ಕಾಲಿನ ಬ್ರೇಕನ್ನೂ ಒತ್ತಿ, ಮೂರನೆಯ ಗೇರಿನಲ್ಲಿ ಕ್ಲಚ್ ಪೆಡಲನ್ನು ನಿಧಾನವಾಗಿ ಬಿಡಬೇಕು. ಎಂಜಿನ್ ನಿಲ್ಲದೆ ಓಡುತ್ತಲೇ ಇದ್ದರೆ ಜಾರುವಿಕೆ ಖಚಿತ. ನಿಂತರೂ ಅಲ್ಪ ಸವೆತದ ಸಾಧ್ಯತೆ ಉಳಿದಿರುತ್ತದೆ. ಈ ಪರೀಕ್ಷೆಯಿಂದ ಕ್ಲಚ್ ಕಾಯುವುದರಿಂದ ಪದೇ ಪದೇ ಮಾಡಬಾರದು.

ಕೇಬಲ್ ಕ್ಲಚ್ಚಿನಲ್ಲಿ ಪೆಡಲಿಗೆ ಇರಬೇಕಾದ ಸಡಿಲವಿಲ್ಲದಿದ್ದರೆ ಕೇಬಲನ್ನು ಸರಿಹೊಂದಿಸುವುದಷ್ಟೇ ಸಾಕಾಗಬಹುದು. ಮೊದಲು ಅದನ್ನು ನೋಡಿಸಿರಿ. ಲೈನಿಂಗ್ ಸವೆದಿದ್ದರೆ ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ. ಆಗ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಇನ್ನೊಮ್ಮೆ ಇಳಿಸುವ ಕೂಲಿ ಉಳಿಯುತ್ತದೆ. ಪ್ಲೇಟಿಗೆ ಆಯಿಲ್ ತಗುಲಿದ್ದರೆ ಸೋರುವ ಸೀಲನ್ನೂ ಬದಲಿಸಲೇಬೇಕು. ಇಲ್ಲವಾದರೆ ಹೊಸ ಪ್ಲೇಟೂ ಜಾರುತ್ತದೆ.

ಏರಿನಲ್ಲಿ ಅರ್ಧ ಕ್ಲಚ್ಚಿನಲ್ಲಿ ವಾಹನವನ್ನು ತಡೆಹಿಡಿಯುವ ಬದಲು ಹ್ಯಾಂಡ್‌ಬ್ರೇಕ್ ಬಳಸುವಂತೆ ಸದಸ್ಯರು ತಮ್ಮ ಚಾಲಕರಿಗೆ ತಿಳಿಹೇಳುವುದು ಒಳಿತು.