ಅಣಶಿಯ ಹಾದಿಯಲ್ಲಿ ಒಂದು ರವಿವಾರ

ಸಂಸ್ಕೃತ ವ್ಯಾಕರಣವನ್ನು ಕಲಿಸುವ ಉಪಾಧ್ಯಾಯನು ಉಪಸರ್ಗಗಳ ಮಹಿಮೆಯನ್ನು ಹೇಳಬೇಕಾದಾಗ ‘ಹೃ’ ಎಂಬ ಒಂದೇ ಧಾತುವನ್ನು ಹಿಡಿದುಕೊಂಡು ಪಾಠವನ್ನು ಮುಗಿಸಬಲ್ಲನು. ಅದಕ್ಕೆ ‘ವಿ’ ಸೇರಿದರೆ ವಿಹಾರ. ‘ಆ’ ಸೇರಿದರೆ ಆಹಾರ. ‘ಪ್ರ’ ಸೇರಿದರೆ ಪ್ರಹಾರ, ಅಂದರೆ ಪೆಟ್ಟು. ‘ಸಂ’ ಸೇರಿದರೆ ಸಂಹಾರ. ‘ಪರಿ’ ಸೇರಿದರೆ ಪರಿಹಾರ. ಈ ಪಾಠವನ್ನು ನಾವು ವರ್ಷವರ್ಷವೂ ಹೇಳಿದ್ದೇವೆ. ಹುಡುಗರು ಬಾಯಿಪಾಠ ಮಾಡಿ ಒಪ್ಪಿಸಿದ್ದಾರೆ. ಆದರೆ ವಿಹಾರಕ್ಕೂ ಪ್ರಹಾರಕ್ಕೂ ನಡುವೆ ಇರುವ ಅಂತರವು ಒಂದೇ ಅಕ್ಷರದಷ್ಟೆಂಬದು ನಮಗೆ ನಿಜವಾಗಿ ಮನದಟ್ಟಾದದ್ದು ಅಣಶಿಯಲ್ಲಿ, ಒಂದು ಕಾರ್ತಿಕಮಾಸದ ರವಿವಾರ ಬೆಳಿಗ್ಗೆ.

ಸಂಗತಿ ಹೀಗಾಯಿತು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಧಾರವಾಡದಲ್ಲಿ ಕೆಲಸದಲ್ಲಿದ್ದಾನೆ. ಅವನೂ ಅವನ ಸ್ನೇಹಿತರೂ ಕೂಡಿ ಮೋಟಾರು ಸೈಕಲ್ಲಿನವರ ಒಂದು ಕೂಟವನ್ನು ಕಟ್ಟಿಕೊಂಡಿದ್ದಾರೆ. ತಿಂಗಳಿಗೆ ಒಂದೆರಡು ರವಿವಾರ ನಸುಕಿನಲ್ಲಿ ಹೊರಟು, ಎಲ್ಲಿಯಾದರೂ ದೂರದ ಊರಿನಲ್ಲಿ ಬೆಳಗಿನ ಫಳಾರವನ್ನು ಮುಗಿಸಿ, ಮಧ್ಯಾಹ್ನಕ್ಕೆ ಮನೆ ಸೇರುವದು ಅವರ ವಾಡಿಕೆ. ಅವನ ತಾಯಿಯು ಒಂದು ದಿನ ನಮ್ಮ ಮನೆಗೆ ಬಂದು, “ಮಾಸ್ತರರೇ, ನಾವು ಹೇಳಿದರೆ ಅವನು ಕೇಳುವದಿಲ್ಲ. ನೀವು ಹೇಳಿದರೆ ಬಿಟ್ಟಾನು. ಎರಡು ಇಡ್ಲಿ ತಿನ್ನಲಿಕ್ಕೆ ಘಟ್ಟಕ್ಕೆ ಹೋಗಬೇಕೆ? ಇಡ್ಲಿಯನ್ನು ನಾನು ಮನೆಯಲ್ಲಿಯೇ ಮಾಡುತ್ತೇನೆ” ಎಂದು ಕಣ್ಣೀರು ತಂದರು. ಆ ಮಳೆಗಾಲದಲ್ಲಿ ಅದೇ ಕೂಟದ ಒಬ್ಬ ಸವಾರನು ಅಣಶಿಯ ಘಟ್ಟದಲ್ಲಿ ಬಿದ್ದು ಕಾಲು ಮುರಿದುಕೊಂಡಿದ್ದನು. ತಾಯಿಯ ಭಯಕ್ಕೆ ಕಾರಣವಿತ್ತು. ನೋಡದೆ ಬೈಯುವದು ನ್ಯಾಯವಲ್ಲವೆಂದು ನಾವು ಹಿಂದಿನ ದಿನವೇ ಬಸ್ಸಿನಲ್ಲಿ ಹೋಗಿ ಜೋಯಿಡಾದ ಆಪ್ತರಲ್ಲಿ ತಂಗಿ, ಬೆಳಿಗ್ಗೆ ಅಣಶಿಯನ್ನು ಮುಟ್ಟಿದೆವು. ಬೈಯಬೇಕೆಂಬ ಸಂಕಲ್ಪವು ಮಾತ್ರ ನಮ್ಮ ಜತೆಯಲ್ಲಿಯೇ ಇತ್ತು.

ಅಣಶಿಯನ್ನು ಕಾಣದ ವಾಚಕರಿಗಾಗಿ ಎರಡು ಮಾತು. ಹಳಿಯಾಳ, ದಾಂಡೇಲಿಗಳನ್ನು ದಾಟಿ ಗಣೇಶಗುಡಿಗೆ ಬಂದರೆ ಕಾಳೀ ನದಿಗೆ ಕಟ್ಟಿದ ಸೂಪಾ ಅಣೆಕಟ್ಟು ಕಾಣುತ್ತದೆ. ಅದರ ಎತ್ತರ 101 ಮೀಟರು. ಅದರ ಹಿಂದಿನ ನೀರಿನ ಕೆಳಗೆ ಹಳೆಯ ಸೂಪಾ ಊರು ಮುಳುಗಿಹೋಗಿ, ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು. ಜೋಯಿಡಾದಿಂದ ಕುಂಬಾರವಾಡಕ್ಕೆ, ಅಲ್ಲಿಂದ ಒಂದು ದಾರಿ ಚೆನ್ನಬಸವಣ್ಣನವರ ಸಮಾಧಿಯಿರುವ ಉಳವಿಗೆ, ಇನ್ನೊಂದು ಅಣಶಿಗೆ. ಅಣಶಿಯಿಂದ ಮುಂದೆ ರಸ್ತೆಯು ಹಾವಿನಂತೆ ಸುತ್ತುತ್ತ ಘಟ್ಟವನ್ನಿಳಿದು ಕದ್ರಾದ ಮಾರ್ಗವಾಗಿ ಕಾರವಾರವನ್ನು ಸೇರುತ್ತದೆ. ಸುತ್ತಲಿನ ಅಡವಿಯು 1987ರಲ್ಲಿ ರಾಷ್ಟ್ರೀಯ ಉದ್ಯಾನವೆನಿಸಿತು. ವಿಸ್ತಾರವು ಸುಮಾರು 340 ಚದರ ಕಿಲೋಮೀಟರು. 2007ರಲ್ಲಿ ದಾಂಡೇಲಿಯ ಅಭಯಾರಣ್ಯದೊಡನೆ ಕೂಡಿ ಹುಲಿಗಳ ರಕ್ಷಿತಾರಣ್ಯವಾಯಿತು. 2015ರಿಂದ ಅದಕ್ಕೆ ಕಾಳೀ ನದಿಯ ಹೆಸರೇ ಇದೆ. ಕರಿಯ ಚಿರತೆಯೂ ಮಂಗಟ್ಟೆ ಹಕ್ಕಿಯೂ ಇರುವ ಅಡವಿ ಇದು. ಕುಣಬಿಗಳು, ಗೌಳಿಗಳು, ಸಿದ್ದಿಗಳು ಈ ತಾಲೂಕಿನಲ್ಲಿ ತಲೆತಲಾಂತರದಿಂದ ಬಾಳುತ್ತ ಬಂದವರು. ಅಂದಮೇಲೆ ಇಲ್ಲಿ ನಾವೂ ಸವಾರರೂ ಕೇವಲ ಅತಿಥಿಗಳು.

ನಾವು ಚಹದ ಅಂಗಡಿಯ ಹಲಗೆಯ ಮೇಲೆ ಕುಳಿತಿರಲು ಎಂಟೂವರೆಯ ಸುಮಾರಿಗೆ ದೂರದಲ್ಲಿ ಗುಡುಗಿನಂಥ ಸದ್ದಾಯಿತು. ಬರಬರುತ್ತ ಅದು ತಗ್ಗಿತು. ಊರು ಮುಟ್ಟುವ ಮೊದಲೇ ಅವರು ವೇಗವನ್ನು ಇಳಿಸಿದ್ದರು. ಒಬ್ಬರ ಹಿಂದೆ ಒಬ್ಬರಾಗಿ ಇಪ್ಪತ್ತು ಗಾಡಿಗಳು ಬಂದು ರಸ್ತೆಯ ಬದಿಗೆ ಸಾಲಾಗಿ ನಿಂತವು. ಬುಲೆಟ್ಟುಗಳೇ ಹೆಚ್ಚು, ಒಂದೆರಡು ಹಳೆಯ ಯೆಜ್ದಿಗಳೂ ಇದ್ದವು. ನಮ್ಮ ಶಿಷ್ಯನು ಶಿರಸ್ತ್ರಾಣವನ್ನು ತೆಗೆದು ನಮ್ಮನ್ನು ಕಂಡು ಬೆಚ್ಚಿದನು. ಬಳಿಕ ನಮಸ್ಕಾರ ಮಾಡಿದನು. ಬಂದ ಕಾರಣವು ಅವನಿಗೆ ತಿಳಿದೇಹೋಯಿತು.

ಬನ್ಸು, ಪಾತಳಭಾಜಿ, ಅವಲಕ್ಕಿ, ಚಹ ಬಂದವು. ನೂರು ಕಿಲೋಮೀಟರಿಗೂ ಮೀರಿದ ಹಾದಿಯನ್ನು ಚಳಿಯಲ್ಲಿ ಕ್ರಮಿಸಿ ಬಂದವರ ಹಸಿವನ್ನು ನೋಡುವದೇ ಒಂದು ಆನಂದ. ಅವರಲ್ಲಿ ಬ್ಯಾಂಕಿನವರಿದ್ದರು, ದವಾಖಾನೆಯ ವೈದ್ಯರಿದ್ದರು, ಗ್ಯಾರೇಜಿನ ಮಿಸ್ತ್ರಿ ಇದ್ದನು. ವಾರದ ಆರು ದಿನ ಒಬ್ಬರಿಗೊಬ್ಬರು ಸಂಬಂಧವಿಲ್ಲದವರು ಇಲ್ಲಿ ಒಂದೇ ಹಲಗೆಯ ಮೇಲೆ ಕುಳಿತು ಒಂದೇ ತಟ್ಟೆಯಿಂದ ಭಾಜಿಯನ್ನು ಹಂಚಿಕೊಳ್ಳುತ್ತಿದ್ದರು. ನಮ್ಮ ಹಿರಿಯರು ಕಾರ್ತಿಕದಲ್ಲಿ ನೆಲ್ಲಿಯ ಮರದ ಕೆಳಗೆ ವನಭೋಜನಕ್ಕೆ ಹೋಗುತ್ತಿದ್ದುದರ ತಿರುಳು ಇದೇ ಅಲ್ಲವೇ ಎಂದು ನಮಗನ್ನಿಸಿತು. ಎತ್ತಿನ ಗಾಡಿ ಹೋಗಿ ಯಂತ್ರದ ಗಾಡಿ ಬಂದಿದೆ, ಅಷ್ಟೆ.

ಈ ಪದ್ಧತಿ ಮೇಲುನೋಟಕ್ಕೆ ತೋರುವಷ್ಟು ಹೊಸದೂ ಅಲ್ಲ. ಜರ್ಮನಿಯಲ್ಲಿ ಡೈಮ್ಲರನೂ ಮೈಬಾಖನೂ ಮರದ ಚೌಕಟ್ಟಿಗೆ ಪೆಟ್ರೋಲಿನ ಯಂತ್ರವನ್ನು ಕೂಡಿಸಿದ್ದು 1885ರಲ್ಲಿ. ಹದಿನಾರು ವರ್ಷಗಳೊಳಗೆ, 1901ರಲ್ಲಿ, ಇಂಗ್ಲೆಂಡಿನಲ್ಲಿ ಮೋಟಾರು ಸೈಕಲ್ಲಿನವರ ಸಂಘವು ಹುಟ್ಟಿತು. ಲಂಡನ್ನಿನ ಹೊರರಸ್ತೆಯಲ್ಲಿ 1938ರಲ್ಲಿ ತೆರೆದ ಏಸ್ ಕೆಫೆ ಎಂಬ ಉಪಾಹಾರಗೃಹವು ಸವಾರರ ತೀರ್ಥಕ್ಷೇತ್ರವೇ ಆಯಿತು. ನಮ್ಮ ದೇಶದಲ್ಲಿ 1955ರಲ್ಲಿ ಮದ್ರಾಸಿನ ಕಂಪನಿಯೊಂದು ಬುಲೆಟ್ ಗಾಡಿಗಳ ತಯಾರಿಕೆಗೆ ಕೈಹಾಕಿತು. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ಜಾವಾ ಗಾಡಿಗಳೂ, ಅನಂತರ ಅವೇ ಯೆಜ್ದಿ ಎಂಬ ಹೆಸರಿನಲ್ಲಿಯೂ ತಯಾರಾಗುತ್ತಿದ್ದವು. ಆ ಕಾರ್ಖಾನೆಯು 1996ರಲ್ಲಿ ಮುಚ್ಚಿದರೂ ಗಾಡಿಗಳ ಅಭಿಮಾನಿಗಳು ಬೆಂಗಳೂರಿನಲ್ಲಿ ಪ್ರತಿವರ್ಷ ಜುಲೈ ತಿಂಗಳ ಎರಡನೆಯ ರವಿವಾರ ಒಂದೆಡೆ ಸೇರುತ್ತಾರೆ.

ಫಳಾರ ಮುಗಿದ ಮೇಲೆ ನಾವು ಮಳೆಗಾಲದ ಅನಾಹುತದ ಮಾತು ತೆಗೆದೆವು. ಶಿಷ್ಯನು ಮುಚ್ಚುಮರೆ ಮಾಡಲಿಲ್ಲ. “ತಪ್ಪು ನಮ್ಮದೇ. ಅಂದು ಮುಂದಿನವನು ಬೇಗ ಹೋದನು. ಸಾಲು ರಬ್ಬರಿನಂತೆ ಹಿಗ್ಗುತ್ತದೆ. ಮುಂದಿನವನು ಸ್ವಲ್ಪ ವೇಗ ಹೆಚ್ಚಿಸಿದರೆ ಕೊನೆಯವನು ಬಹಳ ಹೆಚ್ಚಿಸಬೇಕಾಗುತ್ತದೆ. ಬಿದ್ದವನು ಹೊಸಬ, ಎಲ್ಲರಿಗಿಂತ ಹಿಂದೆ ಇದ್ದನು. ನಮ್ಮನ್ನು ಹಿಡಿಯಬೇಕೆಂದು ತಿರುವಿನಲ್ಲಿ ವೇಗವಾಗಿ ಬಂದನು. ರಸ್ತೆಯ ಮೇಲೆ ಹಾವಸೆ ಇತ್ತು. ಅವನು ಬಿದ್ದದ್ದು ನಮಗೆ ತಿಳಿದದ್ದೇ ಕೆಳಗೆ ಹೋಗಿ ತಲೆ ಎಣಿಸಿದ ಮೇಲೆ” ಎಂದನು. ಅಲ್ಲಿ ಫೋನಿಗೆ ಸಂಪರ್ಕವಿರಲಿಲ್ಲ. ಹಾದಿಹೋಕ ಕುಣಬಿಯೊಬ್ಬನು ಮಳೆಯಲ್ಲಿ ಅವನ ಬಳಿ ಕುಳಿತು ಕಂಬಳಿ ಹೊದಿಸಿದ್ದನು. ಸರಕಿನ ಗಾಡಿಯೊಂದು ಬರುವವರೆಗೆ ಒಂದು ತಾಸು ಕಳೆಯಿತು. ತಲೆಗೆ ಗಟ್ಟಿಯಾದ ಶಿರಸ್ತ್ರಾಣವಿದ್ದುದರಿಂದ ಜೀವ ಉಳಿಯಿತು.

ಶಿರಸ್ತ್ರಾಣದ ಮಾತು ಬಂದುದರಿಂದ ಒಂದು ಸಂಗತಿ. 1935ರಲ್ಲಿ ಇಂಗ್ಲೆಂಡಿನ ಪ್ರಸಿದ್ಧ ಸೇನಾನಿ ಟಿ. ಇ. ಲಾರೆನ್ಸನು ಮೋಟಾರು ಸೈಕಲ್ಲಿನಿಂದ ಬಿದ್ದು, ಆರು ದಿನಗಳ ತರುವಾಯ ತೀರಿಕೊಂಡನು. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರವೈದ್ಯನಿದ್ದನು. ಅವನು ಸೇನೆಯ ಸವಾರರ ತಲೆಯ ಗಾಯಗಳನ್ನು ವರ್ಷಗಟ್ಟಲೆ ಅಭ್ಯಸಿಸಿ 1941ರಲ್ಲಿ ಲೇಖನ ಬರೆದನು; ಮುಂದೆ ಸೇನೆಯ ಸವಾರರಿಗೆ ಶಿರಸ್ತ್ರಾಣವು ಕಡ್ಡಾಯವಾಯಿತು. ನಮ್ಮ ದೇಶದ 1988ರ ಮೋಟಾರು ವಾಹನ ಅಧಿನಿಯಮದಲ್ಲಿಯೂ 129ನೆಯ ಕಲಮು ಇದನ್ನೇ ವಿಧಿಸುತ್ತದೆ. ಒಬ್ಬನ ಪ್ರಹಾರದಿಂದ ಅನೇಕರಿಗೆ ಪರಿಹಾರ ದೊರೆತದ್ದು ಹೀಗೆ.

ಆ ಘಟನೆಯ ತರುವಾಯ ಕೂಟದವರು ಕೆಲವು ನಿಯಮಗಳನ್ನು ಮಾಡಿಕೊಂಡಿದ್ದಾರೆ. ಹೊರಡುವ ಮುನ್ನ ದಾಂಡೇಲಿಯಲ್ಲಿ ಪೆಟ್ರೋಲು ತುಂಬಿಸಿಕೊಂಡು ತಲೆ ಎಣಿಸುವದು. ಅನುಭವಿಯಾದವನೊಬ್ಬ ಮುಂದೆ; ಉಪಕರಣಗಳನ್ನೂ ಔಷಧದ ಪೆಟ್ಟಿಗೆಯನ್ನೂ ಹೊತ್ತ ಇನ್ನೊಬ್ಬ ಅನುಭವಿ ಎಲ್ಲರಿಗಿಂತ ಹಿಂದೆ. ಹೊಸಬನ ಸ್ಥಾನ ಮುಂದಾಳಿನ ಬೆನ್ನಿಗೇ. ಅವನ ವೇಗವೇ ಎಲ್ಲರ ವೇಗ. ಬಯಲಿನಲ್ಲಿ ಎಡಬಲಕ್ಕೆ ಓರೆಯಾಗಿ, ಘಟ್ಟದಲ್ಲಿ ಒಂದೇ ಸಾಲಾಗಿ. ದಾರಿ ಕವಲೊಡೆಯುವಲ್ಲಿ ಕೊನೆಯವನು ಬರುವವರೆಗೆ ಒಬ್ಬನು ನಿಲ್ಲತಕ್ಕದ್ದು. ಇಬ್ಬರ ನಡುವೆ ಎರಡು ಸೆಕೆಂಡಿನ ಅಂತರ. ಇದರ ಲೆಕ್ಕ ಸುಲಭ: ತಾಸಿಗೆ 40 ಕಿಲೋಮೀಟರಿನ ವೇಗದಲ್ಲಿ ಎರಡು ಸೆಕೆಂಡಿಗೆ ಸುಮಾರು 22 ಮೀಟರು, 60ರಲ್ಲಿ 33 ಮೀಟರು. ವೇಗವು ಇಮ್ಮಡಿಯಾದರೆ ಬ್ರೇಕು ಹಾಕಿದ ಮೇಲೆ ನಿಲ್ಲಲು ಬೇಕಾಗುವ ದೂರವು ನಾಲ್ಮಡಿಯಾಗುತ್ತದೆ. ನೆಲ ಒದ್ದೆಯಾದರೆ ಇನ್ನೂ ಹೆಚ್ಚು. ಜೋರು ಮಳೆಯ ತಿಂಗಳುಗಳಲ್ಲಿ ಈ ಘಟ್ಟಕ್ಕೆ ಬರುವದನ್ನೇ ಅವರು ಬಿಟ್ಟಿದ್ದಾರೆ. ಇದು ವಿವೇಕ, ಏಕೆಂದರೆ ಮಳೆಗಾಲದಲ್ಲಿ ಇಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿಹೋಗುವದುಂಟು.

ನಾವು ಅಂಗಡಿಯವನನ್ನೂ ವಿಚಾರಿಸಿದೆವು. ಅವನ ಉತ್ತರವು ಒಂದೇ ಕಡೆಗೆ ವಾಲಲಿಲ್ಲ. “ರವಿವಾರದ ವ್ಯಾಪಾರದಿಂದ ನನ್ನ ವಾರ ನಡೆಯುತ್ತದೆ. ಇವರು ಒಳ್ಳೆಯವರು. ಆದರೆ ಬೇರೆ ಕೆಲವರು ಬರುತ್ತಾರೆ. ಸೈಲೆನ್ಸರು ಬಿಚ್ಚಿ ಓಡಿಸುತ್ತಾರೆ. ಕೊಟ್ಟಿಗೆಯ ದನಗಳು ಹಗ್ಗ ಹರಿಯುತ್ತವೆ. ಪ್ಲಾಸ್ಟಿಕ್ಕನ್ನು ಅಡವಿಗೆ ಎಸೆಯುತ್ತಾರೆ. ಅವರಿಗೂ ಚಹ ಕೊಡಲೇಬೇಕು” ಎಂದನು. ಗಾಡಿಯ ಮೂಲ ರಚನೆಯನ್ನು ಮನಬಂದಂತೆ ಬದಲಿಸುವದು ಅದೇ ಅಧಿನಿಯಮದ 52ನೆಯ ಕಲಮಿಗೆ ವಿರುದ್ಧ. ಆದರೆ ತಿರುವುತಿರುವಿಗೂ ಪೋಲೀಸನು ನಿಲ್ಲಲಾರನು. ಅಲ್ಲಿ ಸವಾರನ ಸಂಸ್ಕಾರವೇ ಕಾನೂನು. ಇದನ್ನು ಕೇಳಿದ ನಮ್ಮ ಶಿಷ್ಯನು ತಲೆ ತಗ್ಗಿಸಿ, ತಮ್ಮ ಕೂಟದ ಎರಡು ಗಾಡಿಗಳ ಸದ್ದೂ ಹೆಚ್ಚೇ ಇದೆಯೆಂದೂ, ಮುಂದಿನ ಸಲಕ್ಕೆ ಅವು ಸರಿಯಾಗದಿದ್ದರೆ ಆ ಇಬ್ಬರೂ ಬರಲಾರರೆಂದೂ ಎಲ್ಲರ ಎದುರಿಗೆ ಹೇಳಿದನು. ಆ ಇಬ್ಬರಲ್ಲಿ ಒಬ್ಬನಿಗೆ ಇದು ಹಿಡಿಸಲಿಲ್ಲ. ಅವನು ಮುಖ ಊದಿಸಿಕೊಂಡು ಗಾಡಿಯ ಬಳಿಗೆ ಹೋದನು. ಸಂಸ್ಕಾರವು ಒಂದೇ ದಿನದಲ್ಲಿ ಬರತಕ್ಕ ವಸ್ತುವಲ್ಲ.

ಹೊರಡುವ ಮುನ್ನ ಅವರು ಕಂಬಳಿ ಹೊದಿಸಿದವನ ಮನೆಗೆ ಹೋಗಿಬಂದರು. ಕಾಲು ಮುರಿದಿದ್ದ ಹುಡುಗನು ಅಂದು ಗೆಳೆಯನ ಹಿಂದಿನ ಸೀಟಿನಲ್ಲಿ ಕುಳಿತು ಬಂದಿದ್ದನು. ಹೊಸದೊಂದು ಕಂಬಳಿಯನ್ನು ಕೊಟ್ಟನು. ಆ ಮನೆಯವರು ಅದನ್ನು ಬಹಳ ಹೊತ್ತು ಬೇಡವೆಂದು, ಕೊನೆಗೆ ತೆಗೆದುಕೊಂಡು, ಬೇಯಿಸಿದ ಗೆಣಸನ್ನು ಎಲ್ಲರ ಕೈಗೂ ಕೊಟ್ಟರು. ನಮಗೂ ಒಂದು ಪಾಲು ಬಂತು.

ಊರಿಗೆ ಮರಳಿದ ಮೇಲೆ ಆ ತಾಯಿಯು ಕೇಳಲು ಬಂದರು. ನಾವು ಬೈದು ಬರಲಿಲ್ಲವೆಂದು ಒಪ್ಪಿಕೊಂಡೆವು. “ಅವನನ್ನು ತಡೆದರೆ ನಿಮಗೆ ಹೇಳದೆ ಹೋದಾನು. ಹೇಳಿ ಹೋಗುವ ಮಗನು ಮೇಲಲ್ಲವೇ? ಎಲ್ಲಿಗೆ, ಯಾರೊಡನೆ, ಕೊನೆಯಲ್ಲಿ ಬರುವವನು ಯಾರು, ಎಷ್ಟು ಹೊತ್ತಿಗೆ ಮನೆಗೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ನಾಲ್ಕಕ್ಕೂ ಉತ್ತರವಿದ್ದರೆ ಕಳುಹಿಸಿರಿ, ಇಲ್ಲದಿದ್ದರೆ ಕೀಲಿಯನ್ನು ಕೊಡಬೇಡಿರಿ” ಎಂದೆವು. ಮಕ್ಕಳ ಕೈಗೆ ಗಾಡಿಯನ್ನು ಕೊಟ್ಟಿರುವ ಗೃಹಸ್ಥರೆಲ್ಲರಿಗೂ ನಮ್ಮ ಮಾತು ಇಷ್ಟೇ.

ಅವರಿಗೆ ಪೂರ್ಣ ಸಮಾಧಾನವಾಯಿತೆಂದು ನಾವು ಹೇಳಲಾರೆವು. ತಾಯಿಯ ಭಯವನ್ನು ತರ್ಕವು ಕಳೆಯಲಾರದು. ಆದರೆ ಈಗ ಪ್ರತಿ ಸವಾರಿಯ ದಿನ ಮಗನು ಘಟ್ಟವನ್ನು ಸೇರುವ ಮೊದಲು ಒಮ್ಮೆ, ಮರಳಿ ದಾಂಡೇಲಿಗೆ ಬಂದ ಮೇಲೆ ಒಮ್ಮೆ ಫೋನು ಮಾಡುತ್ತಾನೆ. ನಡುವಿನ ಆ ಮೂರು ನಾಲ್ಕು ತಾಸು ಅವರು ದೇವರ ಮನೆಯಲ್ಲಿ ದೀಪಕ್ಕೆ ಎಣ್ಣೆ ಹಾಕುತ್ತ ಇರುತ್ತಾರಂತೆ. ಎರಡನೆಯ ಫೋನು ಬಂದ ಮೇಲೆಯೇ ಅವರ ರವಿವಾರದ ಫಳಾರ.