ಹುಳು ಸಾಕುವವರ ಸೀಮೆಗೆ ಸಹಸ್ರಪದಿ ಬಂದರೆ

ಯುರೋಪು, ಅಮೆರಿಕ, ಜಪಾನುಗಳಲ್ಲಿ ನಾಯಿ ಬೆಕ್ಕು ಸಾಕುವಂತೆ ಸಹಸ್ರಪದಿಯನ್ನೂ ಸಾಕುವವರಿದ್ದಾರೆ. ಮಣ್ಣು ತುಂಬಿದ ಗಾಜಿನ ಪೆಟ್ಟಿಗೆಯಲ್ಲಿ ಒಂದಡಿಗೂ ಮೀರಿ ಬೆಳೆಯುವ ಆಫ್ರಿಕದ ದೈತ್ಯ ಸಹಸ್ರಪದಿ, ಪಕ್ಕದ ಪೆಟ್ಟಿಗೆಯಲ್ಲಿ ಕಡ್ಡಿಹುಳು, ಅದರಾಚೆ ಚೇಳು, ದೊಡ್ಡ ಜೇಡ. ಬೆಂಗಳೂರಿನಲ್ಲಿ ಈ ಮಾತು ಹೇಳಿದರೆ ಕೇಳಿದವರು ಮೂಗು ಮುರಿಯುತ್ತಾರೆ, ಹುಳು ಸಾಕೋದಾ ಅಂತ. ರೇಷ್ಮೆ ಸೀಮೆಯಾದ ಶಿಡ್ಲಘಟ್ಟ, ಚಿಂತಾಮಣಿ ಕಡೆ ಹೇಳಿ ನೋಡಿ, ಎಷ್ಟು ಮೊಟ್ಟೆ ಸಾಕಿದ್ದಾರೆ ಎಂದು ಕೇಳುತ್ತಾರೆ.

ರೇಷ್ಮೆಯವರ ಲೆಕ್ಕದಲ್ಲಿ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳಷ್ಟೂ ಸೇರಿ, ಸುಮಾರು 400ರಿಂದ 500. ನೂರು ಮೊಟ್ಟೆಯ ಚಾಕಿ, ಅಂದರೆ ಎಳೆಯ ಹುಳು, ತಂದ ರೈತನ ಮನೆಗೆ 40–50 ಸಾವಿರ ಹುಳು ಬಂದವೆಂದೇ ಅರ್ಥ. ಬೆನ್ನುಮೂಳೆಯಿಲ್ಲದ ಪ್ರಾಣಿಯನ್ನು ಸೂರಿನಡಿ ಇಟ್ಟು ಬದುಕಿಸುವ ವಿದ್ಯೆ ಇಷ್ಟು ಪಳಗಿರುವ ಸೀಮೆ ನಮ್ಮಲ್ಲಿ ಇನ್ನೆಷ್ಟಿದೆ? ಸಹಸ್ರಪದಿ ಸಾಕಬೇಕೆಂದು ಆಸೆಪಡುವ ಹುಡುಗ ಹುಡುಗಿಯರು ಮೊದಲು ಒಂದು ಹುಳು ಮನೆಗೆ ಹೋಗಿ ಬರುವುದು ಒಳ್ಳೆಯದು.

ಅಲ್ಲಿ ಮೊದಲು ಕಾಣುವುದು ಗೋಡೆಗೆ ತೂಗಿರುವ ಉಷ್ಣಮಾಪಕ. ಹುಳುವಿನ ಮೈಗೆ ತನ್ನದೇ ಬಿಸಿಯಿಲ್ಲ. ಸುತ್ತಲ ಗಾಳಿಯ ಬಿಸಿಯೇ ಅದರ ಬಿಸಿ. ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ ಸೆಲ್ಸಿಯಸ್, ಗಾಳಿಯಲ್ಲಿ ಶೇ. 80–90 ತೇವ ಇರಬೇಕು. ಬೆಳೆದ ಹುಳುವಿಗೆ 24–25 ಡಿಗ್ರಿ, ಶೇ. 70–75 ತೇವ ಸಾಕು. ಏಪ್ರಿಲ್ ತಿಂಗಳ ಚಿಕ್ಕಬಳ್ಳಾಪುರದ ಒಣಗಾಳಿಗೆ ಈ ಲೆಕ್ಕ ಎಲ್ಲಿ ಗೊತ್ತು? ಅದಕ್ಕೇ ಕಿಟಕಿಗೆ ಒದ್ದೆ ಗೋಣಿ ಕಟ್ಟುತ್ತಾರೆ, ಸೂರಿನ ಮೇಲೆ ತೆಂಗಿನ ಗರಿ ಹೊದಿಸುತ್ತಾರೆ. ಡಿಸೆಂಬರಿನಲ್ಲಿ ಒಳಗೆ ಹೀಟರ್ ಇಡುತ್ತಾರೆ. ಹುಳು ನೀರು ಕುಡಿಯುವುದಿಲ್ಲ. ಅದಕ್ಕೆ ಬೇಕಾದ ನೀರೆಲ್ಲ ಹಿಪ್ಪುನೇರಳೆ ಸೊಪ್ಪಿನಿಂದಲೇ ಬರಬೇಕು. ಬಾಡಿದ ಸೊಪ್ಪು ಹಾಕಿದರೆ ಅನ್ನ ನೀರು ಎರಡಕ್ಕೂ ಕಲ್ಲು.

ಹುಳು ಮನೆಯಲ್ಲಿ ಸೊಳ್ಳೆಬತ್ತಿ ಹಚ್ಚುವುದಿಲ್ಲ, ಬೀಡಿ ಸೇದಿದ ಕೈಯಲ್ಲಿ ಸೊಪ್ಪು ಮುಟ್ಟುವುದಿಲ್ಲ. ಪಕ್ಕದ ಹೊಲದವರು ಟೊಮೆಟೊಗೋ ದ್ರಾಕ್ಷಿಗೋ ಹೊಡೆದ ಔಷಧ ಗಾಳಿಯಲ್ಲಿ ಬಂದು ಸೊಪ್ಪಿನ ಮೇಲೆ ಕೂತರೆ ಬೆಳೆಯೇ ಹೋದೀತು. ಕೀಟಕ್ಕೆ ಹೊಡೆದ ವಿಷಕ್ಕೆ, ಇದು ಸಾಕಿದ ಕೀಟ, ಅದು ಸಾಕದ ಕೀಟ ಎಂಬ ಭೇದವಿಲ್ಲ.

ಹುಳು ಸುಮಾರು 25 ದಿನಗಳಲ್ಲಿ ತನ್ನ ಹುಟ್ಟಿದಾಗಿನ ತೂಕದ ಹತ್ತು ಸಾವಿರ ಪಟ್ಟು ಬೆಳೆಯುತ್ತದೆ. ಚರ್ಮ ಅಷ್ಟು ಹಿಗ್ಗುವುದಿಲ್ಲ, ಆದ್ದರಿಂದ ನಾಲ್ಕು ಸಲ ಪೊರೆ ಕಳಚಬೇಕು. ರೈತರು ಇದನ್ನು ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಲೆಯೆತ್ತಿ ಒಂದು ಹಗಲೋ ಒಂದು ರಾತ್ರಿಯೋ ಅಲ್ಲಾಡದೆ ಇರುತ್ತದೆ. ಆಗ ಸೊಪ್ಪು ಹಾಕುವುದಿಲ್ಲ, ಮುಟ್ಟುವುದಿಲ್ಲ, ಹಾಸಿಗೆ ಒಣಗಿರಲಿ ಎಂದು ಸುಣ್ಣದ ಪುಡಿ ಉದುರಿಸುತ್ತಾರೆ. ಕೊನೆಯ ಜ್ವರ ಎದ್ದ ಮೇಲೆ ಶುರುವಾಗುವ ಹಸಿವಿಗೆ ಮನೆಮಂದಿ ನಿದ್ದೆಗೆಡಬೇಕು. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇ. 80ಕ್ಕೂ ಹೆಚ್ಚು ಖರ್ಚಾಗುವುದು ಈ ಕೊನೆಯ ವಾರದಲ್ಲೇ. ಆಮೇಲೆ ಹುಳು ಹಣ್ಣಾಗಿ, ಗೂಡು ಕಟ್ಟುವ ತಟ್ಟಿಯಾದ ಚಂದ್ರಿಕೆ ಏರುತ್ತದೆ.

ರೋಗಗಳ ಕಥೆ ದೊಡ್ಡದು. ಹಾಲು ರೋಗ, ಸಪ್ಪೆ ರೋಗ, ಸುಣ್ಣಕಟ್ಟು ರೋಗ, ಇವೆಲ್ಲಕ್ಕಿಂತ ಹಳೆಯ ಭಯ ಗಂಟು ರೋಗ. ತಾಯಿ ಚಿಟ್ಟೆಯಿಂದ ಮೊಟ್ಟೆಗೇ ದಾಟುವ ಈ ರೋಗದ ಬೆನ್ನು ಹತ್ತಿ ಲೂಯಿ ಪಾಶ್ಚರ್ 1865ರಿಂದ ಕೆಲವು ವರ್ಷ ಫ್ರಾನ್ಸಿನ ರೇಷ್ಮೆ ಸೀಮೆಯಲ್ಲಿ ಕೆಲಸ ಮಾಡಿದ. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗಾಣು ಕಂಡರೆ ಅದರ ಮೊಟ್ಟೆಯನ್ನು ನಾಶಮಾಡುವುದೇ ಅವನು ತೋರಿಸಿದ ದಾರಿ. ರೈತರಿಗೆ ಮೊಟ್ಟೆ ಒದಗಿಸುವ ನಮ್ಮ ಬಿತ್ತನೆ ಕೋಠಿಗಳು ಇವತ್ತಿಗೂ ಅದೇ ದಾರಿಯಲ್ಲಿವೆ. ಹುಳುವಿನ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣ ಮಾತ್ರ ಪಾಶ್ಚರನ ಕಾಲದ ಚಿಂತೆಯಲ್ಲ. ಬಂಗಾಳದಿಂದ ಹೇಗೋ ಬಂದು 1980ರಲ್ಲಿ ಕರ್ನಾಟಕದ ಹುಳು ಮನೆಗಳಿಗೆ ನುಗ್ಗಿತು. ಕಿಟಕಿ ಬಾಗಿಲಿಗೆಲ್ಲ ನೈಲಾನ್ ಬಲೆ ಬಂದದ್ದು ಅದರಿಂದಲೇ.

ಚೀನಾದಲ್ಲಿ ಸುಮಾರು ಐದು ಸಾವಿರ ವರ್ಷ ಮನುಷ್ಯನ ಕೈಯಲ್ಲಿ ಬೆಳೆದು ರೇಷ್ಮೆ ಹುಳು ಬೇರೆಯೇ ಪ್ರಾಣಿಯಾಗಿದೆ. ತಟ್ಟೆಯಿಂದ ಇಳಿದು ಓಡಿಹೋಗುವುದಿಲ್ಲ. ಚಿಟ್ಟೆಗೆ ರೆಕ್ಕೆಯಿದ್ದರೂ ಹಾರಲು ಬಾರದು, ಬಾಯಿಯಿದ್ದರೂ ತಿನ್ನಲಾರದು. ತೋಟದಲ್ಲಿ ಬಿಟ್ಟುಬಂದರೆ ಹಕ್ಕಿಗೋ ಇರುವೆಗೋ ಆಹಾರ, ಅಷ್ಟೆ.

ಸಹಸ್ರಪದಿ ಈ ವಿಷಯದಲ್ಲಿ ತದ್ವಿರುದ್ಧ. ಗೌರಿಬಿದನೂರು, ಅಲೀಪುರದ ಕಡೆ ಮುಂಗಾರು ಹದವಾಗಿ ಬಿದ್ದರೆ ಹೊಂಗೆ ಬುಡದಲ್ಲಿ, ತಿಪ್ಪೆಯಂಚಿನಲ್ಲಿ ಹೊರಡುವ ನಮ್ಮೂರ ಸಹಸ್ರಪದಿ ರೈಲುಹುಳವನ್ನು ನಾವು ಸಾಕಬೇಕಿಲ್ಲ. ಮುಟ್ಟಿದರೆ ಚಕ್ಕುಲಿಯಂತೆ ಸುತ್ತಿಕೊಳ್ಳುವ ಅದು ಕಚ್ಚುವುದಿಲ್ಲ. ಕಚ್ಚುವುದು ಜರಿ, ಅದಕ್ಕೆ ಚಪ್ಪಟೆ ಮೈ, ಗೆಣ್ಣಿಗೊಂದು ಜೊತೆ ಕಾಲು, ಬೇಟೆಯ ಬದುಕು. ಸಹಸ್ರಪದಿಗೆ ಬಹುತೇಕ ಗೆಣ್ಣಿಗೂ ಎರಡೆರಡು ಜೊತೆ ಕಾಲು. ಒಂದೊಂದು ಕಾಲಿನ ಬಲ ಅಲ್ಪವಾದರೂ ನೂರಾರು ಸೇರಿ ತಳ್ಳಿದಾಗ ಮಣ್ಣು ಸರಿದು ದಾರಿ ಬಿಡುತ್ತದೆ. ನಿಜಕ್ಕೂ ಸಾವಿರ ಕಾಲು ದಾಟಿದ ಜಾತಿ ಸಿಕ್ಕಿದ್ದು ತೀರ ಈಚೆಗೆ, ಆಸ್ಟ್ರೇಲಿಯದ ನೆಲದಾಳದಲ್ಲಿ. 2021ರಲ್ಲಿ ವರ್ಣಿಸಲಾದ ಅದರ ಕಾಲುಗಳು 1,306. ಮೊಟ್ಟೆಯೊಡೆದ ಮರಿಗೆ ಮಾತ್ರ ಮೂರೇ ಜೊತೆ. ಪ್ರತಿ ಪೊರೆಗೂ ಗೆಣ್ಣು ಹೆಚ್ಚುತ್ತ, ಕಾಲೂ ಹೆಚ್ಚುತ್ತ ಹೋಗುತ್ತದೆ.

ಇದನ್ನು ಪೆಟ್ಟಿಗೆಯಲ್ಲಿ ಇಡಬೇಕೆಂದರೆ ಮಣ್ಣೇ ಮುಖ್ಯ. ಸಹಸ್ರಪದಿಯ ಚಿಪ್ಪು ಗಟ್ಟಿ ಕಂಡರೂ, ಒಣನೆಲದ ಕೀಟಗಳ ಮೈಗಿರುವ ಮೇಣದ ಪದರ ಅದಕ್ಕೆ ಸರಿಯಾಗಿ ಇಲ್ಲ. ಒಣಗಾಳಿಯಲ್ಲಿ ಬೇಗ ಬತ್ತಿಹೋಗುತ್ತದೆ. ಹಾಗಾಗಿ ಅದರ ಉದ್ದಕ್ಕೆ ಕಡಿಮೆಯಿಲ್ಲದಷ್ಟು ಆಳದ ತೇವದ ಮಣ್ಣು, ಮೇಲೆ ಕೊಳೆತ ಎಲೆ, ಲಡ್ಡು ಹಿಡಿದ ಮರದ ತುಂಡು ಬೇಕು. ಎಲೆ ಹಾಸಿಗೆಯೂ ಹೌದು, ಊಟವೂ ಹೌದು. ಸೌತೆಕಾಯಿ ಕೊಟ್ಟರೆ ತಿನ್ನುತ್ತದೆ ನಿಜ, ಆದರೆ ಅದು ಬಾಯಿಚಪಲ. ಕೊಳೆತ ಎಲೆಯ ಜೊತೆ ಅದರಲ್ಲಿರುವ ಶಿಲೀಂಧ್ರ, ಬ್ಯಾಕ್ಟೀರಿಯಾ ಹೊಟ್ಟೆಗೆ ಹೋಗಬೇಕು. ಕೆಲವು ಜಾತಿಗಳು ತಮ್ಮ ಹಿಕ್ಕೆಯನ್ನೇ ಮತ್ತೆ ತಿನ್ನುತ್ತವೆ, ಅದು ಸಿಗದಿದ್ದರೆ ಬೆಳವಣಿಗೆ ಕುಂಟುತ್ತದೆ. ರೇಷ್ಮೆಯವರಂತೆ ದಿನಾ ಹಾಸಿಗೆ ಗುಡಿಸಿ ಚೊಕ್ಕ ಮಾಡಲು ಹೋದರೆ ಅದರ ತಟ್ಟೆ ಕಿತ್ತುಕೊಂಡಂತೆ.

ಪೊರೆ ಬಿಡುವಾಗಲೂ ಹಾಗೆ. ಸಹಸ್ರಪದಿ ಮಣ್ಣಿನೊಳಗೆ ಗುಂಡಗೆ ಗೂಡು ಮಾಡಿಕೊಂಡು ವಾರಗಟ್ಟಲೆ ಮರೆಯಾಗುತ್ತದೆ. ಹಳೆ ಚಿಪ್ಪು ಕಳಚಿದ ಮೇಲೆ ಹೊಸದು ಗಟ್ಟಿಯಾಗಲು ಸುಣ್ಣದಂಶ ಬೇಕು, ಅದಕ್ಕೆ ಕಳಚಿದ್ದನ್ನೇ ತಿಂದುಬಿಡುತ್ತದೆ. ಮಣ್ಣಿಗೆ ಮೊಟ್ಟೆಚಿಪ್ಪಿನ ಪುಡಿ ಸೇರಿಸುವುದು ಇದಕ್ಕಾಗಿ. ಸತ್ತೇ ಹೋಯಿತೆಂದು ಗಾಬರಿಯಾಗಿ ಅಗೆದರೆ ಮೆತ್ತನೆ ಮೈಗೆ ಪೆಟ್ಟಾಗಿ ನಿಜವಾಗಿಯೇ ಸಾಯುತ್ತದೆ. ಆಫ್ರಿಕದ ದೈತ್ಯ ಐದಾರು ವರ್ಷ ಬಾಳುವ ಪ್ರಾಣಿ. 25 ದಿನಕ್ಕೆ ಗೂಡು ಬಿಡಿಸಿ ಮಾರುಕಟ್ಟೆಗೆ ಹೋಗುವವರ ತಾಳ್ಮೆ ಇದಕ್ಕೆ ಸಾಲದು.

ಕೈಗೆತ್ತಿಕೊಂಡಾಗ ಅಂಗೈ ಹಳದಿಯೋ ಕಂದೋ ಆಗಬಹುದು. ಪಕ್ಕೆಯ ಗ್ರಂಥಿಗಳಿಂದ ಒಸರುವ ಬೆಂಜೊಕ್ವಿನೋನ್ ಎಂಬ ರಾಸಾಯನಿಕ ಅದು. ಕಣ್ಣಿಗೆ ತಗುಲಿದರೆ ಬರಿ ಉರಿಯಲ್ಲ, ಅಪಾಯವೇ. ಚಪ್ಪಟೆ ಬೆನ್ನಿನ ಇನ್ನೊಂದು ಗುಂಪಿನವು ಸಯನೈಡ್ ಸೂಸುತ್ತವೆ. ಕೈ ತೊಳೆಯದೆ ಕಣ್ಣುಜ್ಜುವ ವಯಸ್ಸಿನ ಮಕ್ಕಳ ಕೈಗೆ ಇವನ್ನು ಕೊಡಬಾರದು.

ಇವುಗಳಿಂದ ಉಪಯೋಗವೇನು ಎಂದು ಹುಳು ಸಾಕುವವರು ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಪಶ್ಚಿಮ ಘಟ್ಟದಲ್ಲಿ, ಮುಟ್ಟಿದರೆ ಗೋಲಿಯಾಗುವ ಒಂದು ಬಗೆಯ ಸಹಸ್ರಪದಿಯಿದೆ. ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ಅದಕ್ಕೆ ತೋಟದ ಕಸ ತಿನ್ನಿಸಿ ಗೊಬ್ಬರ ಮಾಡಿಸಿ ನೋಡಿದ್ದಾರೆ. ಎರೆಹುಳುವಿಗೆ ಸಿಕ್ಕ ಹೆಸರು ಇದಕ್ಕೆ ಸಿಗಲಿಲ್ಲ, ಕೆಲಸ ಮಾತ್ರ ಅದೇ ಜಾತಿಯದು.

ಮುದ್ದಿನ ಪ್ರಾಣಿಗಳ ಪೇಟೆ ಇಷ್ಟು ಸಾಧುವಲ್ಲ. ಗೌರಿಬಿದನೂರಿನಲ್ಲಿ ರೈಲು ಹತ್ತಿ ಹಿಂದೂಪುರ, ಧರ್ಮಾವರಂ, ಅನಂತಪುರ ದಾಟಿ ಹೋದರೆ ಗುತ್ತಿ ಸಿಗುತ್ತದೆ. ಅಲ್ಲಿನ ರೈಲ್ವೆ ಮರದ ಅಡ್ಡೆಯಲ್ಲಿ ಸಿಕ್ಕ ಒಂದು ನೀಲಿ ಜೇಡವನ್ನು 1899ರಲ್ಲಿ ಪೊಕಾಕ್ ಎಂಬ ಬ್ರಿಟಿಷ್ ವಿಜ್ಞಾನಿ ವರ್ಣಿಸಿದ. ಅದರ ನಿಜವಾದ ನೆಲೆ ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡು. ವಿಜ್ಞಾನಿಗಳ ಕಣ್ಣಿಗೆ ಅದು ಮತ್ತೆ ಬಿದ್ದದ್ದು 2001ರಲ್ಲಿ. ಇವತ್ತು ಯುರೋಪು, ಅಮೆರಿಕದ ಮನೆಗಳಲ್ಲಿ ಅದರ ಸಂತತಿಯನ್ನು ಸಾಕಿ ಮಾರುತ್ತಾರೆ. ತವರಿನಲ್ಲಿ ಮಾತ್ರ ಅದು ಅಳಿವಿನಂಚಿನಲ್ಲಿದೆ. ಅದರ ಇಡೀ ಕುಲವೇ 2019ರಲ್ಲಿ, ವನ್ಯಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟೀಸ್ ಒಪ್ಪಂದದ ಪಟ್ಟಿಗೆ ಸೇರಿತು. ಆಫ್ರಿಕದ ದೊಡ್ಡ ಕರಿಚೇಳೂ ಆ ಪಟ್ಟಿಯಲ್ಲಿದೆ. ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ, ಇಂಥ ಪಟ್ಟಿಯ ಹೊರದೇಶದ ಜೀವಿ ಇಟ್ಟುಕೊಂಡವರು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು.

ಪಟ್ಟಿಯಲ್ಲಿಲ್ಲದ ಪ್ರಾಣಿಯೂ ನಿರಪಾಯಿಯಲ್ಲ. ವಿಲಿಯಂ ಬೆನ್ಸನ್ ಎಂಬ ಬಸವನಹುಳುಪ್ರಿಯ 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಗೆ ಆಫ್ರಿಕದ ದೈತ್ಯ ಬಸವನಹುಳುಗಳನ್ನು ತಂದ. ಅವು ಒಂದು ತೋಟಕ್ಕೆ ಸೇರಿದವು. ಈಗ ಕರ್ನಾಟಕದಲ್ಲಿ ಅಡಿಕೆ, ಕಾಫಿ, ತರಕಾರಿ, ಕಡೆಗೆ ಹಿಪ್ಪುನೇರಳೆಯನ್ನೂ ಮೇಯುವ ಬಸವನಹುಳು ಅದೇ. ಆದ್ದರಿಂದ ಆಫ್ರಿಕದ ಸಹಸ್ರಪದಿ ಬೇಸರವಾದರೆ ತೋಟಕ್ಕೆ ಬಿಡುವ ಪ್ರಾಣಿಯಲ್ಲ. ಹಿತ್ತಿಲಿನ ರೈಲುಹುಳವನ್ನಾದರೆ ಒಂದು ಮಳೆಗಾಲ ಮಣ್ಣಿನ ಡಬ್ಬದಲ್ಲಿ ಇಟ್ಟು ನೋಡಬಹುದು. ಎಲೆಯನ್ನು ಔಷಧ ಹೊಡೆಯದ ಮರದಡಿಯಿಂದ ತನ್ನಿ, ಮುಚ್ಚಳಕ್ಕೆ ತೂತು ಮಾಡಿ, ಬಿಸಿಲಿಗೆ ಇಡಬೇಡಿ. ಮಳೆ ಹಿಂದಾಗುವ ಮೊದಲು, ಮಣ್ಣು ಇನ್ನೂ ಹಸಿಯಿರುವಾಗಲೇ, ಹಿಡಿದ ಮರದ ಬುಡಕ್ಕೇ ವಾಪಸು ಬಿಟ್ಟುಬಿಡಿ.